ದಪ್ಪ ವೈರು ನೇರ ಬ್ಯಾಟರಿಗೆ

ಆಮ್ಲಜನಕದ ಟ್ಯೂಬು ಹೊಸ್ತಿಲವರೆಗೆ ಮಾತ್ರ ಬರುತ್ತಿತ್ತು. ಹೊಸ್ತಿಲ ಮೇಲೆ ಕೂರಬಾರದು, ದರಿದ್ರ ಬರುತ್ತದೆ ಎಂದು ವಠಾರದ ಮಕ್ಕಳನ್ನೆಲ್ಲ ಗದರಿಸಿ ಎಬ್ಬಿಸುತ್ತಿದ್ದ ಮಾರಕ್ಕ ಈಗ ತಾನೇ ಅದರ ಮೇಲೆ ಮಣೆ ಹಾಕಿಕೊಂಡು ಕೂತು, ಎದುರಿಗೆ ನಿಂತಿದ್ದ ಓಮ್ನಿ ವ್ಯಾನಿನೊಳಗೆ ಗಂಡ ಏನು ಮಾಡುತ್ತಿದ್ದಾನೆಂದು ನೋಡುತ್ತಿದ್ದಳು. ಕಾಣುತ್ತಿದ್ದದ್ದು ಅವನ ಬೆನ್ನು ಮತ್ತು ಚಪ್ಪಲಿ ಬಿಟ್ಟ ಎರಡು ಪಾದ. ಒಳಗಿನಿಂದ ಸ್ಪ್ಯಾನರು ಬಿದ್ದ ಸದ್ದು, ಅದರ ಹಿಂದೆಯೇ ಒಂದು ಬೈಗುಳ ಬಂತು. ಬೈಗುಳ ಬಂತೆಂದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದೇ ಅರ್ಥ. ಆಂಜಿನಯ್ಯ ಸುಮ್ಮನಾದಾಗಲೇ ಹೆದರಬೇಕು.

ಆಂಜಿನಯ್ಯ ಸಿಟಿ ಬಸ್ಸಿನ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ರಿಟೈರ್ ಆದವನು. ಆಮೇಲೆ ಈ ಹಳೇ ವ್ಯಾನು ಕೊಂಡು ಸ್ವಲ್ಪ ಕಾಲ ಸ್ಕೂಲು ಮಕ್ಕಳನ್ನು ಬಿಟ್ಟು ಬರುವ ಕೆಲಸ ಮಾಡಿದ. ಹೆಂಡತಿ ಕಾಯಿಲೆ ಬಿದ್ದ ಮೇಲೆ ಅದೂ ನಿಂತಿತು. ಮಾರಕ್ಕ ಮದುವೆಯಾಗಿ ಚಾಮರಾಜಪೇಟೆಯ ಈ ವಠಾರಕ್ಕೆ ಬಂದಾಗಿನಿಂದ ಮನೆಯಲ್ಲೇ ಕೂತು ಊದುಬತ್ತಿ ಹೊಸೆದವಳು. ಪರಿಮಳವೆಲ್ಲ ಊರ ದೇವರುಗಳಿಗೆ ಹೋಯಿತು, ಪುಡಿ ಅವಳ ಎದೆಯಲ್ಲಿ ಉಳಿಯಿತು. ಇನ್ನು ಮೇಲೆ ಹಗಲೂ ರಾತ್ರಿ ಕರೆಂಟಿನಲ್ಲಿ ಓಡುವ ಆಮ್ಲಜನಕದ ಮೆಷೀನಿನ ಗಾಳಿಯೇ ಗತಿ ಎಂದು ಡಾಕ್ಟರು ಹೇಳಿದ ದಿನದಿಂದ ಮೆಷೀನು ಗೋಡೆಯ ಪ್ಲಗ್ಗಿಗೆ ಅಂಟಿಕೊಂಡಿತು, ಮಾರಕ್ಕ ಮೆಷೀನಿಗೆ ಅಂಟಿಕೊಂಡಳು. ಅವಳು ಬೀದಿ ಕಂಡು ವರ್ಷದ ಮೇಲಾಗಿತ್ತು.

ಬೀದಿ ಕಾಣಬೇಕೆಂದು ಅವಳೇನೂ ಹಟ ಹಿಡಿದಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ, ಅಕ್ಕನನ್ನು ನೋಡಬೇಕು. ಅಕ್ಕ ನಾರಾಯಣಮ್ಮ ಮಲ್ಲೇಶ್ವರದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಮಗಳು ರಂಜಿನಿಯ ಜೊತೆ ಇದ್ದಳು. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಅವಳೂ ಹಾಸಿಗೆ ಹಿಡಿದಿದ್ದಳು. ಫೋನಿನಲ್ಲಿ ಮಾತಾಡೋಣವೆಂದರೆ ಅವಳಿಗೆ ಕಿವಿ ಮಂದ. ರಂಜಿನಿ ಫೋನನ್ನು ಕಿವಿಗೆ ಹಿಡಿದರೆ "ಯಾರೋ ಏನೋ ಅಂತಾವ್ರೆ, ನೋಡೇ" ಎಂದು ವಾಪಸ್ಸು ಕೊಟ್ಟುಬಿಡುತ್ತಿದ್ದಳು. ಅಪ್ಪ, ಅಮ್ಮ, ಇದ್ದೊಬ್ಬ ಅಣ್ಣ ಎಲ್ಲ ಹೋಗಿ ತವರೆಂದು ಉಳಿದದ್ದು ಈ ಇಬ್ಬರೇ. ಚಾಮರಾಜಪೇಟೆಗೂ ಮಲ್ಲೇಶ್ವರಕ್ಕೂ ಮಧ್ಯೆ ಇರುವುದು ಒಂದು ಮೆಜೆಸ್ಟಿಕ್ಕು. ಅದನ್ನು ದಾಟಲಾಗದೆ ಇಬ್ಬರೂ ಒಂದೊಂದು ಗೋಡೆ ನೋಡಿಕೊಂಡು ಮಲಗಿದ್ದರು.

ಸಿಲಿಂಡರು ಇಟ್ಟುಕೊಂಡು ಕರೆದೊಯ್ಯಬಹುದಿತ್ತು. ಆದರೆ ಮಾರಕ್ಕನಿಗೆ ಸಿಲಿಂಡರೆಂದರೆ ಯಮನ ದೂತ. ಕೊರೊನಾ ಕಾಲದಲ್ಲಿ ಪಕ್ಕದ ಮನೆಯಾತನ ಸಿಲಿಂಡರು ಮುಗಿದು, ಇನ್ನೊಂದು ಬರುವಷ್ಟರಲ್ಲಿ ಆತ ಹೋದದ್ದನ್ನು ಅವಳು ಕಿಟಕಿಯಿಂದ ನೋಡಿದ್ದಳು. ಅದನ್ನು ಮನೆಯೊಳಗೆ ತರಕೂಡದೆಂದು ಆಣೆ ಹಾಕಿಸಿಕೊಂಡಿದ್ದಳು. ಆಂಬುಲೆನ್ಸು ಕರೆಸುತ್ತೇನೆಂದು ಮಗ ಶಶಿ ಹೇಳಿದರೆ, ಅದರಲ್ಲಿ ಹೋಗಿ ಇಳಿದರೆ ಅಕ್ಕ ಹೆದರಿ ಸಾಯುತ್ತಾಳೆ ಎಂದಳು. ಕೊನೆಗೆ ಆಂಜಿನಯ್ಯನೇ ಒಂದು ದಿನ ಊಟದ ತಟ್ಟೆ ಸರಿಸಿ, ಮೆಷೀನನ್ನೇ ವ್ಯಾನಿನಲ್ಲಿ ಓಡಿಸಿದರೆ ಆಯಿತಲ್ಲ, ನಾನು ಇರುವುದು ಯಾತಕ್ಕೆ ಎಂದ. ಬಹಳ ದಿನದ ಮೇಲೆ ಅವನ ಧ್ವನಿಯಲ್ಲಿ ಡಿಪೋ ಕೇಳಿಸಿತು.

ಹಿಂದಿನ ಸೀಟು ಕಿತ್ತು ಅಲ್ಲೊಂದು ದೊಡ್ಡ ಬ್ಯಾಟರಿ ಕೂರಿಸಿದ. ಇಂಜಿನ್ ಓಡುವಾಗ ಅದಕ್ಕೆ ಕರೆಂಟು ತುಂಬಲು ಒಂದು ಚಾರ್ಜರು. ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಿನ ಹಾಗೆ ಮಾಡಿ ಮೆಷೀನಿಗೆ ಕೊಡಲು ಒಂದು ಇನ್ವರ್ಟರು. ಇಷ್ಟು ಅವನಿಗೆ ನೀರು ಕುಡಿದಷ್ಟು ಸಲೀಸು. ಹೊಸದೆಂದರೆ ಮೀಟರು. ಸ್ಟೀರಿಂಗಿನ ಪಕ್ಕದಲ್ಲಿ ಒಂದು ಪುಟ್ಟ ದುಂಡು ಪರದೆ, ಅದರಲ್ಲಿ ಬ್ಯಾಟರಿಯೊಳಗೆ ನೂರಕ್ಕೆ ಇನ್ನೆಷ್ಟು ಉಳಿದಿದೆ ಎಂದು ದೊಡ್ಡ ಅಂಕಿ ಬರುತ್ತದೆ. ಲೆಕ್ಕ ಇಡುವುದು ಪರದೆಯಲ್ಲ, ಬ್ಯಾಟರಿಯ ಮೈನಸ್ಸಿನ ಕಡೆ ಕೂರಿಸುವ ಶಂಟ್ ಎಂಬ ಹಿತ್ತಾಳೆಯ ಗಟ್ಟಿ. ತನ್ನ ಮೈಮೇಲೆ ಹಾದುಹೋದ ಕರೆಂಟನ್ನೆಲ್ಲ ಅದು ಎಣಿಸುತ್ತದೆ.

ಮೀಟರಿನ ಜೊತೆ ಬಂದ, ವೈರು ಕಟ್ಟುವುದು ಹೇಗೆಂದು ತೋರಿಸುವ ಚಿತ್ರವನ್ನು ಆಂಜಿನಯ್ಯ ಒಮ್ಮೆ ನೋಡಿ ಡಬ್ಬದೊಳಗೇ ಹಾಕಿದ. ಡಿಪೋದಲ್ಲಿ ಅವನಿಗೆ ಅವನ ಮೇಸ್ತ್ರಿ ಹೇಳಿಕೊಟ್ಟ, ಅವನು ತನ್ನ ಕೈಕೆಳಗಿನವರಿಗೆಲ್ಲ ಹೇಳಿಕೊಟ್ಟ ಮಾತೊಂದಿತ್ತು: ದಪ್ಪ ವೈರು ನೇರ ಬ್ಯಾಟರಿಗೆ. ಬಸ್ಸಿನ ಇಂಜಿನ್ ಎಬ್ಬಿಸುವ ಸೆಲ್ಫ್ ಮೋಟರಿನಂಥ ಜಾಸ್ತಿ ಕರೆಂಟು ಎಳೆಯುವುದನ್ನು ನಡುವೆ ಎಲ್ಲೂ ನಿಲ್ಲಿಸದೆ ಸೀದಾ ಬ್ಯಾಟರಿಯ ತಲೆಗೇ ಕಟ್ಟಬೇಕು, ನಡುವೆ ಒಂದು ಜಾಯಿಂಟು ಬಂದರೂ ಅಲ್ಲಿ ಕಾದು ಕರಗುತ್ತದೆ. ಆ ಮಾತನ್ನು ಮೀರಿದ ಹುಡುಗರಿಗೆ ಅವನು ಬೆನ್ನ ಮೇಲೆ ಗುದ್ದಿದ್ದೂ ಉಂಟು. ಹಾಗಾಗಿ ಚಾರ್ಜರು, ದೀಪ, ಫ್ಯಾನಿನ ಸಣ್ಣ ವೈರುಗಳನ್ನೆಲ್ಲ ಶಂಟಿಗೆ ಕೊಟ್ಟು, ಇನ್ವರ್ಟರಿನ ದಪ್ಪ ಕರಿ ವೈರನ್ನು ಮಾತ್ರ ಸೀದಾ ಬ್ಯಾಟರಿಯ ತಲೆಗೇ ಬಿಗಿದ. ಬಿಗಿದು, ಒಮ್ಮೆ ಹಿಡಿದು ಅಲ್ಲಾಡಿಸಿ ನೋಡಿ, ಮುಗಿಯಿತೆಂದು ಹೆಂಡತಿಯ ಕಡೆ ತಿರುಗಿ ಕೈ ಎತ್ತಿದ. ಅವಳು ಹೊಸ್ತಿಲಿಂದಲೇ ನಕ್ಕಳು.

ಸಂಜೆ ಮೆಷೀನನ್ನು ವ್ಯಾನಿಗಿಟ್ಟು ಸ್ವಲ್ಪ ಹೊತ್ತು ಓಡಿಸಿ ನೋಡಿದರು. ಅಂಕಿ ನೂರರಿಂದ ತೊಂಬತ್ತೊಂಬತ್ತಕ್ಕೆ ಇಳಿದು ಅಲ್ಲೇ ಕೂತಿತು. ಎಂಥ ಬ್ಯಾಟರಿ ಸಿಕ್ಕಿದೆ ನೋಡು, ಮಲ್ಲೇಶ್ವರ ಏನು, ತಿರುಪತಿಗೇ ಹೋಗಿ ಬರಬಹುದು ಎಂದು ಆಂಜಿನಯ್ಯ ವಠಾರದವರಿಗೆಲ್ಲ ತೋರಿಸಿದ. ಅಷ್ಟು ಒಳ್ಳೆಯದು ಯಾಕೆ ಎಂದು ಅವನು ಕೇಳಿಕೊಳ್ಳಲಿಲ್ಲ. ಒಳ್ಳೆಯದಾದಾಗ ಯಾರು ಕೇಳಿಕೊಳ್ಳುತ್ತಾರೆ?

ಭಾನುವಾರ ಹೊರಟರು. ಮಾರಕ್ಕ ಮುಂದಿನ ಸೀಟಿನಲ್ಲಿ ಕೂತು, ಟ್ಯೂಬನ್ನು ಹೆಗಲ ಮೇಲಿಂದ ಹಿಂದಕ್ಕೆ ಬಿಟ್ಟುಕೊಂಡು, ಗೂಡ್ಸ್ ಶೆಡ್ ರಸ್ತೆಯಿಂದ ಹಿಡಿದು ಶೇಷಾದ್ರಿಪುರದವರೆಗೆ ಕಂಡದ್ದನ್ನೆಲ್ಲ ಬಾಯಿಬಿಟ್ಟು ಓದಿದಳು. ಈ ಹೋಟೆಲು ಹೋಯಿತು, ಈ ಮರ ಕಡಿದರು, ಇಲ್ಲೊಂದು ಸೀರೆ ಅಂಗಡಿ ಇತ್ತಲ್ಲ ಎಂದು ಏದುಸಿರಿನ ನಡುವೆ ಲೆಕ್ಕ ಒಪ್ಪಿಸಿದಳು. ಆಂಜಿನಯ್ಯ ಮಧ್ಯೆ ಮಧ್ಯೆ ಮೀಟರು ನೋಡುತ್ತಿದ್ದ. ಇಂಜಿನ್ ಓಡುತ್ತಿದ್ದರಿಂದ ಚಾರ್ಜರು ತುಂಬುತ್ತಿತ್ತು, ಅಂಕಿ ಮತ್ತೆ ನೂರಕ್ಕೆ ಹತ್ತಿತು.

ನಾರಾಯಣಮ್ಮನ ಮನೆ ಇದ್ದದ್ದು ಮಹಡಿಯ ಮೇಲೆ. ಮಾರಕ್ಕನಿಗೆ ಮೆಟ್ಟಿಲು ಹತ್ತಲಾಗದು. ರಂಜಿನಿ ಕೆಳಗಿನ ಮನೆಯವರನ್ನು ಕರೆದು ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲೇ ಎತ್ತಿಸಿಕೊಂಡು ಕೆಳಗಿಳಿಸಿ ವ್ಯಾನಿನ ಬಾಗಿಲಿಗೆ ತಂದು ಕೂರಿಸಿದಳು. ಹೊಗೆ ಹೆಂಡತಿಗೆ ಆಗುವುದಿಲ್ಲವೆಂದು ಆಂಜಿನಯ್ಯ ಇಂಜಿನ್ ಆರಿಸಿದ. ಅಕ್ಕ ತಂಗಿ ಒಬ್ಬರನ್ನೊಬ್ಬರು ನೋಡಿದರು. ಒಬ್ಬಳಿಗೆ ಕೇಳಿಸುವುದಿಲ್ಲ, ಇನ್ನೊಬ್ಬಳಿಗೆ ಕೂಗಿ ಹೇಳಲು ಉಸಿರಿಲ್ಲ. ನಾರಾಯಣಮ್ಮ ಕೈಚಾಚಿ ತಂಗಿಯ ಮೂಗಿನ ಟ್ಯೂಬನ್ನು ಮುಟ್ಟಿದಳು.

"ಇದೇನೇ ಮಾರಿ, ಮೂಗುದಾರ ಹಾಕವ್ರಾ ನಿಂಗೆ?"

ಮಾರಕ್ಕ ನಕ್ಕು ನಕ್ಕು ಕೆಮ್ಮಿದಳು. ಆಮೇಲೆ ಇಬ್ಬರೂ ಕೈ ಹಿಡಿದುಕೊಂಡರು. ನಾರಾಯಣಮ್ಮ ತಂಗಿಯ ಅಂಗೈ ತಿರುಗಿಸಿ, ಊದುಬತ್ತಿ ಹೊಸೆದು ಹೊಸೆದು ನುಣುಪಾಗಿ ಗೆರೆ ಅಳಿಸಿಹೋದ ಜಾಗದ ಮೇಲೆ ಬೆರಳಾಡಿಸಿದಳು. ಅದೇ ಕೆಲಸ ಮಾಡಿದ್ದ ಅವಳ ಕೈಯೂ ಹಾಗೇ ಇತ್ತು. ಊಟ ಆಯಿತೇನೇ ಎಂದು ಮೂರು ಸಲ ಕೇಳಿದಳು, ಮಾರಕ್ಕ ಮೂರು ಸಲವೂ ತಲೆಯಾಡಿಸಿದಳು. ರಂಜಿನಿ ಉಪ್ಪಿಟ್ಟು ತಂದಳು. ಗಲ್ಲಿಯ ಹೆಂಗಸರು ಬಂದು ನೋಡಿ ಹೋದರು. ಇನ್ನು ಹೊರಡೋಣವಾ ಎಂದು ಆಂಜಿನಯ್ಯ ಒಮ್ಮೆ ಕೇಳಿದಾಗ ಮಾರಕ್ಕ ಅವನ ಮುಖ ನೋಡಿದಳು. ಅವನು ಮೀಟರು ನೋಡಿದ. ತೊಂಬತ್ತಾರು. ಇನ್ನೂ ಬೇಕಾದಷ್ಟಿದೆ, ಕೂತುಕೋ ಎಂದ. ಅಂಕಿಯ ಕೆಳಗೆ ಸಣ್ಣಕ್ಷರದಲ್ಲಿ ಇಳಿಯುತ್ತಿದ್ದ ವೋಲ್ಟು ತೋರಿಸುತ್ತಿತ್ತು. ಜೀವಮಾನವಿಡೀ ವೋಲ್ಟು ನೋಡಿ ಬ್ಯಾಟರಿಯ ಆಯಸ್ಸು ಹೇಳುತ್ತಿದ್ದವನು ಅವತ್ತು ದೊಡ್ಡಕ್ಷರ ಮಾತ್ರ ನೋಡಿದ.

ಕೀ ಕೀ ಎಂಬ ಸದ್ದು ಬಂದಾಗ ಗಲ್ಲಿಯಲ್ಲಿ ಯಾರೋ ಕಾರು ಹಿಂದಕ್ಕೆ ತೆಗೆಯುತ್ತಿದ್ದಾರೆ ಎಂದುಕೊಂಡ. ಬದಿಗೆ ಸರಿಯಬೇಕೇನೋ ಎಂದು ತಿರುಗಿಯೂ ನೋಡಿದ. ಅಷ್ಟರಲ್ಲಿ ಹಾಗೆ ಕೂಗುತ್ತಿದ್ದ ಇನ್ವರ್ಟರು ನಿಂತಿತು, ಮೆಷೀನು ನಿಂತಿತು. ಒಂದೂವರೆ ವರ್ಷದಿಂದ ಕಿವಿಯಲ್ಲೇ ಮನೆ ಮಾಡಿದ್ದ ಅದರ ಗುರುಗುರು ನಿಂತ ಕೂಡಲೇ ಬೀದಿಯೆಲ್ಲ ನಿಶ್ಶಬ್ದವಾದಂತೆ ಅವನಿಗೆ ಅನ್ನಿಸಿತು. ಮಾರಕ್ಕ ಅಕ್ಕನ ಕೈ ಬಿಟ್ಟು ಎದೆ ಹಿಡಿದುಕೊಂಡಳು. ಅವಳ ತುಟಿ ನೇರಳೆ ಹಣ್ಣು ತಿಂದವರ ಹಾಗೆ ಆಯಿತು. ಆಂಜಿನಯ್ಯ ಇಂಜಿನ್ ಶುರು ಮಾಡಿದ, ಮತ್ತೆ ಇಳಿದು ಹಿಂದೆ ಓಡಿದ, ಯಾವ ವೈರು ಮುಟ್ಟಬೇಕೆಂದು ತಿಳಿಯದೆ ಮತ್ತೆ ಮುಂದೆ ಬಂದ. ರಂಜಿನಿಯೇ ಕೆಳಗಿನ ಮನೆಯಿಂದ ವೈರು ಎಳೆದು ತಂದು ಮೆಷೀನನ್ನು ಅದಕ್ಕೆ ಸಿಕ್ಕಿಸಿದಳು. ಹೋಗಿದ್ದ ಉಸಿರು ನಿಧಾನಕ್ಕೆ ವಾಪಸ್ಸು ಬಂತು. ನಾರಾಯಣಮ್ಮನಿಗೆ ಏನಾಯಿತೆಂದೇ ಗೊತ್ತಾಗಲಿಲ್ಲ, ತಂಗಿ ಯಾಕೆ ಕೈಬಿಟ್ಟಳು ಎಂದು ಸುತ್ತಲೂ ಎಲ್ಲರ ಮುಖ ನೋಡುತ್ತಿದ್ದಳು.

ಮಾರಕ್ಕ ಆಂಬುಲೆನ್ಸಿನಲ್ಲೇ ಮನೆಗೆ ಬಂದಳು. ಆಂಜಿನಯ್ಯ ಅದರ ಹಿಂದೆ ಖಾಲಿ ವ್ಯಾನು ಓಡಿಸಿಕೊಂಡು ಬಂದ. ದಾರಿಯುದ್ದಕ್ಕೂ ಮೀಟರು ತೊಂಬತ್ತಾರರ ಮೇಲೆಯೇ ತೋರಿಸುತ್ತಿತ್ತು.

ಆ ಸಂಜೆ ಶಶಿ ಬಂದ. ಶಶಿಗೆ ಸರ್ಕಾರಿ ಕಚೇರಿಯಲ್ಲಿ ಕೆಲಸ, ಸಂಸಾರ ಕೆಂಗೇರಿಯಲ್ಲಿ. ಅಮ್ಮನ ಕಾಲ ಬಳಿ ಸ್ವಲ್ಪ ಹೊತ್ತು ಕೂತು, ಆಮೇಲೆ ಹೊರಗೆ ಬಂದು ಅಪ್ಪನಿಗೆ ಹೇಳಿದ.

"ನಿಮ್ಮ ಡಿಪೋ ಬಸ್ಸಲ್ಲ ಅಪ್ಪಾ ಇದು, ನಿಂತ್ರೆ ಇಳಿದು ತಳ್ಳೋಕೆ. ಅಮ್ಮ ಇವತ್ತು ಹೋಗ್ಬಿಡ್ತಿದ್ಲು. ಇನ್ಮೇಲೆ ಆ ವೈರು ಗೀರು ಮುಟ್ಬೇಡಿ."

ಆಂಜಿನಯ್ಯ ಬ್ಯಾಟರಿಯದೇ ತಪ್ಪು ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಅವನು ಸುಳ್ಳು ಹೇಳುತ್ತಿರಲಿಲ್ಲ, ಹಾಗೇ ನಂಬಿದ್ದ. ಮೀಟರು ತುಂಬಿದೆ ಅನ್ನುತ್ತದೆ, ಬ್ಯಾಟರಿ ಸಾಯುತ್ತದೆ, ಹಾಗಾದರೆ ಬ್ಯಾಟರಿಯೇ ಟೊಳ್ಳು. ಮಾರನೇ ದಿನ ಅದನ್ನು ಬಿಚ್ಚಿ ಕೊಂಡ ಅಂಗಡಿಗೆ ಹೊತ್ತುಕೊಂಡು ಹೋದ. ಅಂಗಡಿಯವನು ಚಾರ್ಜು ಮಾಡಿ, ಪರೀಕ್ಷೆ ಮಾಡಿ, ಏನೂ ಆಗಿಲ್ಲ, ಗಟ್ಟಿಯಾಗಿದೆ, ತಗೊಂಡು ಹೋಗಿ ಎಂದ. ಆಂಜಿನಯ್ಯ ಅವನನ್ನು ಕಳ್ಳನೆಂದು ಬೈದು, ಬ್ಯಾಟರಿಯನ್ನು ತಂದು ಮೊದಲಿದ್ದ ಹಾಗೆಯೇ ಕೂರಿಸಿ, ಅದೇ ವೈರನ್ನು ಅದೇ ತಲೆಗೆ ಬಿಗಿದು, ಬಾಗಿಲು ಎಳೆದು ಬೀಗ ಹಾಕಿದ. ಕೆಡದಿರಲಿ ಎಂದು ವಾರಕ್ಕೊಮ್ಮೆ ಮನೆಯಿಂದ ವೈರು ಎಳೆದು ಚಾರ್ಜು ಮಾಡುತ್ತಿದ್ದ. ಅದು ಬಿಟ್ಟರೆ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಕೂತು ಹುಡುಕಿದ್ದರೆ ಸಿಕ್ಕುತ್ತಿತ್ತು. ಅವನು ಹುಡುಕಲಿಲ್ಲ. ಹುಡುಕಿ ಸಿಕ್ಕಿದರೆ ಮತ್ತೆ ಹೊರಡಬೇಕಾಗುತ್ತದಲ್ಲ, ಆ ನೇರಳೆ ತುಟಿಯನ್ನು ಇನ್ನೊಂದು ಸಲ ನೋಡುವ ಧೈರ್ಯ ಅವನಿಗಿರಲಿಲ್ಲ.

ಮಾರಕ್ಕನಿಗೆ ಆ ಭಯವೇ ಇರಲಿಲ್ಲ ಎನ್ನುವುದು ವಿಚಿತ್ರ. ಸಾಯುವ ಹಾಗಾದವಳು ಅವಳು, ಹೆದರಿ ಕೂತವನು ಅವನು. ಎದ್ದು ಕೂರುವ ಹಾಗಾದ ಕೂಡಲೇ ಮತ್ತೆ ಯಾವಾಗ ಎಂದು ಕೇಳಿದಳು. ನೋಡೋಣ ಎಂದ. ಒಂದು ವಾರ ಬಿಟ್ಟು ಕೇಳಿದಳು. ಹೊಸ ಬ್ಯಾಟರಿ ತರಬೇಕು ಎಂದ. ಆಮೇಲೆ ನಾರಾಯಣಮ್ಮ ಅನ್ನ ಬಿಟ್ಟಳೆಂದು ರಂಜಿನಿಯ ಫೋನು ಬಂತು. ಎಚ್ಚರವಿದ್ದಾಗಲೆಲ್ಲ ಮಾರಿ ಬಂದಳಾ, ಮಾರಿ ಯಾಕೆ ಕೈಬಿಟ್ಟಳು ಎಂದು ಅದನ್ನೇ ಕೇಳುತ್ತಾಳೆ, ಒಂದು ಸಲ ಹೇಗಾದರೂ ಕರೆದುಕೊಂಡು ಬನ್ನಿ ಚಿಕ್ಕಪ್ಪ ಎಂದಳು. ಅವತ್ತು ಮಾರಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೇಳಿದಳು.

"ಎಂಗಾದ್ರೂ ಆಗ್ಲಿ, ಕರ್ಕೊಂಡೋಗಿ. ದಾರೀಲಿ ಹೋದ್ರೆ ಹೋದೆ."

"ಬ್ಯಾಟ್ರಿ ಸರಿಯಿಲ್ಲ ಅಂದೆನಲ್ಲ. ಸರಿಹೋಗ್ಲಿ, ಹೋಗೋಣ."

ಅವಳು ಆಮೇಲೆ ಕೇಳಲಿಲ್ಲ. ಎಲೆಕ್ಟ್ರಿಷಿಯನ್ನನ ಹೆಂಡತಿ; ಬ್ಯಾಟರಿ ಸರಿಯಿಲ್ಲ ಎಂದು ಗಂಡ ಹೇಳಿದ ಮೇಲೆ ಸರಿಯಿಲ್ಲ. ಅವಳು ನಂಬಿದಳು ಎನ್ನುವುದೇ ಅವನಿಗೆ ಒಳಗೊಳಗೇ ಚುಚ್ಚುತ್ತಿತ್ತು.

ಎರಡು ಅಮಾವಾಸ್ಯೆ ಕಳೆದು, ಒಂದು ಬೆಳಿಗ್ಗೆ ಹಾಲು ಕಾಯಿಸುವ ಹೊತ್ತಿಗೆ ರಂಜಿನಿಯ ಫೋನು ಬಂತು. ಆಂಜಿನಯ್ಯ ಹೂಂ ಹೂಂ ಅಂದನಷ್ಟೇ. ಮಾರಕ್ಕ ಅವನ ಮುಖ ನೋಡಿಯೇ ತಿಳಿದುಕೊಂಡಳು. ಗಟ್ಟಿಯಾಗಿ ಅಳಲೂ ಅವಳಿಗೆ ಉಸಿರಿರಲಿಲ್ಲ, ಕಣ್ಣೀರು ಸುಮ್ಮನೆ ಇಳಿದು ಟ್ಯೂಬಿನ ಕೆಳಗೆ ಸೇರಿತು. ಸ್ವಲ್ಪ ಹೊತ್ತಿಗೆ ಶಶಿಯೂ ಬಂದ. ಈಗ ಒಂದು ತೊಡಕಿತ್ತು. ಅವರ ಪೈಕಿ ಹೆಂಗಸು ಸತ್ತರೆ ತವರಿನ ಸೀರೆ ಬಂದು ಹೊದಿಸುವವರೆಗೆ ಹೆಣ ಎತ್ತುವುದಿಲ್ಲ. ಎಷ್ಟು ಹೊತ್ತಾದರೂ ಕಾಯುತ್ತಾರೆ. ತವರಿನವರು ತಮ್ಮ ಕೈಯಾರೆ ಹೊದಿಸಬೇಕು, ಇನ್ನೊಬ್ಬರ ಕೈಲಿ ಕಳಿಸುವ ಹಾಗಿಲ್ಲ. ನಾರಾಯಣಮ್ಮನ ತವರೆಂದರೆ ಈಗ ಚಾಮರಾಜಪೇಟೆಯ ವಠಾರದಲ್ಲಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಕೊಂಡಿರುವ ಈ ಒಂದು ಜೀವ.

ಶಶಿ ಆಂಬುಲೆನ್ಸುಗಳಿಗೆ ಫೋನು ಮಾಡತೊಡಗಿದ. ಪೇಷಂಟನ್ನು ಸಾವಿನ ಮನೆಗೆ ಕರೆದೊಯ್ದು ಕಾಯುತ್ತಾ ನಿಲ್ಲಲು ಆಗುವುದಿಲ್ಲವೆಂದು ಒಬ್ಬ, ಸಂಜೆ ನೋಡೋಣವೆಂದು ಇನ್ನೊಬ್ಬ. ಮಾರಕ್ಕ ಗೋಡೆ ಹಿಡಿದು ಎದ್ದು ಟ್ರಂಕಿನ ಮುಂದೆ ಕೂತು, ಸೀರೆ ಹುಡುಕಲು ಶುರು ಮಾಡಿದಳು. ಹೇಗೆ ಹೋಗುವುದೆಂದು ಅವಳು ಯಾರನ್ನೂ ಕೇಳಲಿಲ್ಲ. ಆಂಜಿನಯ್ಯ ಅದನ್ನು ನೋಡಿ ನಿಲ್ಲಲಾರದೆ ಹೊರಗೆ ಬಂದು ವ್ಯಾನಿನ ಬೀಗ ತೆಗೆದ.

ಮನೆಯಲ್ಲಿದ್ದ ದೊಡ್ಡ ಇಸ್ತ್ರಿಪೆಟ್ಟಿಗೆಯನ್ನೇ ತಂದು ಇನ್ವರ್ಟರಿಗೆ ಸಿಕ್ಕಿಸಿದ. ಎಳೆಯಲಿ, ಎಷ್ಟು ಎಳೆಯುತ್ತದೋ ಎಳೆಯಲಿ, ಇವತ್ತು ನೋಡೇ ಬಿಡುತ್ತೇನೆ ಎಂದು ಬ್ಯಾಟರಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಡಿಪೋದ ಅಭ್ಯಾಸದಂತೆ ಅವನ ಕೈ ತಾನೇ ಮುಂದೆ ಹೋಗಿ ವೈರುಗಳನ್ನು ಒಂದೊಂದಾಗಿ ಮುಟ್ಟಿತು. ಇನ್ವರ್ಟರಿನ ದಪ್ಪ ಕರಿ ವೈರು ಬೆಚ್ಚಗಾಗಿತ್ತು. ಪಕ್ಕದಲ್ಲೇ ಇದ್ದ ಶಂಟನ್ನು ಮುಟ್ಟಿದ. ತಣ್ಣಗಿತ್ತು. ಇನ್ನೊಂದು ಸಲ ಮುಟ್ಟಿದ. ಅಷ್ಟು ಕರೆಂಟು ಹರಿಯುವಾಗ ಅದು ತಣ್ಣಗಿರಲು ಸಾಧ್ಯವೇ ಇಲ್ಲ, ಅದರ ಮೇಲೆ ಆ ಕರೆಂಟು ಹರಿಯದೇ ಇದ್ದರೆ ಮಾತ್ರ ಸಾಧ್ಯ.

ಅವನಿಗೆ ಎಲ್ಲ ಒಟ್ಟಿಗೆ ಹೊಳೆಯಿತು. ಮುಂಬಾಗಿಲಲ್ಲಿ ಕೂತು ತಲೆ ಎಣಿಸುವವನಿಗೆ ಹಿತ್ತಲಿಂದ ಹೋದವರ ಸುದ್ದಿ ಏನು ಗೊತ್ತು? ಮೆಷೀನು ಎಳೆದ ಕರೆಂಟೆಲ್ಲ ಅವನೇ ಬಿಗಿದ ದಪ್ಪ ವೈರಿನಲ್ಲಿ ಸೀದಾ ಬ್ಯಾಟರಿಗೆ ಮರಳುತ್ತಿತ್ತು, ಶಂಟಿಗೆ ಅದರ ಗಾಳಿಯೂ ಸೋಕುತ್ತಿರಲಿಲ್ಲ. ಅದು ಎಣಿಸುತ್ತಿದ್ದದ್ದು ಒಂದು ಫ್ಯಾನು, ಒಂದು ದೀಪ. ಬ್ಯಾಟರಿ ಟೊಳ್ಳಲ್ಲ, ಅಂಗಡಿಯವನು ಕಳ್ಳನಲ್ಲ, ಮೀಟರು ತನಗೆ ಕಂಡದ್ದನ್ನೇ ಹೇಳಿತ್ತು. ಅವನು ನಟ್ಟು ಸಡಿಲಿಸಿ ಕರಿ ವೈರನ್ನು ಬ್ಯಾಟರಿಯ ತಲೆಯಿಂದ ಬಿಚ್ಚಿ ಶಂಟಿನ ಆಚೆ ಬದಿಗೆ ಹಾಕಿ ಬಿಗಿದ. ಒಂದೇ ನಟ್ಟು. ಪರದೆಯ ಅಂಕಿ ಆಗಲೇ ಇಳಿಯಲು ಶುರುವಾಯಿತು. ಆಂಜಿನಯ್ಯ ಸ್ಪ್ಯಾನರು ಹಿಡಿದುಕೊಂಡು ಅಲ್ಲೇ ಕೂತ. ಅವನ ಬಾಯಲ್ಲಿ ಒಂದು ಬೈಗುಳವೂ ಬರಲಿಲ್ಲ. ಮಾರಕ್ಕ ಸೀರೆ ಎದೆಗವುಚಿಕೊಂಡು ಹೊಸ್ತಿಲಿಗೆ ಬಂದಾಗ ಅವನಿಗೆ ಅವಳ ಮುಖ ನೋಡಲಾಗಲಿಲ್ಲ.

ಸರಿಯಾಗಿದೆ, ಕರೆದುಕೊಂಡು ಬರುತ್ತೇನೆ ಎಂದು ಅವನು ಹೇಳಿದಾಗ ಶಶಿ ಒಪ್ಪಲಿಲ್ಲ. ಮಾರಕ್ಕ ಮಗನ ಕೈ ಸರಿಸಿ ವ್ಯಾನಿನ ಕಡೆ ಹೆಜ್ಜೆ ಇಟ್ಟಳು. ಮೆಷೀನನ್ನು ಎತ್ತಿಡುವುದು ಬಿಟ್ಟು ಶಶಿಗೆ ಬೇರೆ ದಾರಿ ಇರಲಿಲ್ಲ. ಮುಂದೆ ಹೋಗಿ ಜಾಗ ಮಾಡಿಸಿರುತ್ತೇನೆ, ಏನಾದರೂ ಆದರೆ ತಕ್ಷಣ ಫೋನು ಮಾಡಿ ಎಂದು ಬೈಕು ಹತ್ತಿದ.

ದಾರಿಯಲ್ಲಿ ಮಾರಕ್ಕ ಈ ಸಲ ಹೊರಗೆ ನೋಡಲಿಲ್ಲ. ಮೀಟರನ್ನೇ ನೋಡುತ್ತಾ ಕೂತಿದ್ದಳು. ಚಾರ್ಜರು ತುಂಬುವುದಕ್ಕಿಂತ ಮೆಷೀನು ಎಳೆಯುವುದೇ ಹೆಚ್ಚಿತ್ತು. ಮೆಜೆಸ್ಟಿಕ್ಕಿನ ಸಿಗ್ನಲ್ಲಿನಲ್ಲಿ ವ್ಯಾನು ನಿಂತಿತು.

"ಇವತ್ತು ಇಳೀತೈತೆ. ಅವತ್ತು ಇಳೀಲೇ ಇಲ್ಲ."

ಹೊಸ ಬ್ಯಾಟರಿ ಎಂದುಬಿಡಬಹುದಿತ್ತು. ಮಾತು ನಾಲಗೆಯ ತುದಿಗೂ ಬಂತು. ಆದರೆ ತವರಿನ ಸೀರೆ ಮಡಿಲಲ್ಲಿಟ್ಟುಕೊಂಡು ಕೂತವಳಿಗೆ ಸುಳ್ಳು ಹೇಳಲು ಅವನಿಂದ ಆಗಲಿಲ್ಲ.

"ಬ್ಯಾಟ್ರಿ ಚೆನ್ನಾಗೇ ಇತ್ತು. ನಾನೇ ಒಂದು ವೈರು ತಪ್ಪು ಕಟ್ಟಿದ್ದೆ. ಬೆಳಿಗ್ಗೆ ಸಿಕ್ತು."

"ಸರಿಮಾಡಕ್ಕೆ ಎಷ್ಟೊತ್ತು ಹಿಡೀತು?"

"ನೀನು ಸೀರೆ ಹುಡುಕೋಷ್ಟೊತ್ತು."

ಸಿಗ್ನಲ್ಲು ಬಿಟ್ಟಿತು. ಹಿಂದಿನವರು ಹಾರನ್ನು ಬಾರಿಸಿದರು. ಅವನು ಗೇರು ಹಾಕಿದ. ಅವಳು ಬೈಯುತ್ತಾಳೆ ಎಂದು ಕಾದ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಾರಕ್ಕ ಸೀರೆಯ ಮಡಿಕೆಯನ್ನು ಒಮ್ಮೆ ಬಿಡಿಸಿ, ಮತ್ತೆ ಅಂಚಿಗೆ ಅಂಚು ಕೂಡಿಸಿ ಮಡಚಿದಳು. ಸಂಪಿಗೆ ರಸ್ತೆ ಮುಗಿಯುವವರೆಗೂ ಅವಳು ಅದನ್ನೇ ಮಾಡುತ್ತಿದ್ದಳು. ಅವನಿಗೆ ರಸ್ತೆ ಮಂಜಾಗಿ ಕಾಣುತ್ತಿತ್ತು, ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಓಡಿಸಿದ.

ಗಲ್ಲಿಯಲ್ಲಿ ಜನ ತುಂಬಿದ್ದರು. ನಾರಾಯಣಮ್ಮನನ್ನು ಮನೆಯ ಮುಂದೆ, ಬೀದಿಯಲ್ಲೇ ಮಲಗಿಸಿದ್ದರು. ತವರಿನವರು ಬಂದರು, ದಾರಿ ಬಿಡಿ ಎಂದು ಯಾರೋ ಅಂದರು. ಶಶಿ ಬಂದು ಅಮ್ಮನನ್ನು ಇಳಿಸಿಕೊಂಡು ನಡೆಸಿದ. ಟ್ಯೂಬನ್ನು ಯಾರೂ ತುಳಿಯದಂತೆ ಆಂಜಿನಯ್ಯ ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಹಿಂದೆ ಹಿಂದೆ ನಡೆದ. ಮಾರಕ್ಕ ಅಕ್ಕನ ಪಕ್ಕ ಹಾಕಿದ್ದ ಕುರ್ಚಿಯಲ್ಲಿ ಕೂತು, ಬಗ್ಗಿ, ರಂಜಿನಿ ಒಂದು ತುದಿ ಹಿಡಿದುಕೊಳ್ಳಲು ಬಂದಾಗ ಬೇಡವೆಂದು ತಲೆಯಾಡಿಸಿ, ತಾನೊಬ್ಬಳೇ ಸೀರೆ ಬಿಡಿಸಿ ಕಾಲಿನಿಂದ ಕುತ್ತಿಗೆಯವರೆಗೆ ಹೊದಿಸಿದಳು. ನಡುನಡುವೆ ಉಸಿರಿಗೆ ನಿಲ್ಲುತ್ತಿದ್ದಳು. ಜನರೆಲ್ಲ ಅಲ್ಲಾಡದೆ ಕಾದರು. ಆಮೇಲೆ ಸೀರೆಯ ಕೆಳಗೆ ಕೈ ಹಾಕಿ ಅಕ್ಕನ ಅಂಗೈ ಹಿಡಿದುಕೊಂಡು ಕೂತಳು.

ಶಶಿ ಅಪ್ಪನ ಪಕ್ಕಕ್ಕೆ ಬಂದು, ಧ್ವನಿ ತಗ್ಗಿಸಿ ಕೇಳಿದ.

"ಏನಾಗಿತ್ತಪ್ಪಾ ಕೊನೆಗೂ?"

ಆಂಜಿನಯ್ಯ ಬಾಯಿ ತೆರೆದ. ಅಷ್ಟರಲ್ಲಿ ಮಾರಕ್ಕ, ಅಕ್ಕನ ಮುಖದಿಂದ ಕಣ್ಣು ಕೀಳದೆ, ಹೇಳಿದಳು.

"ಬ್ಯಾಟ್ರಿ ಹೋಗಿತ್ತು ಕಣೋ. ನಿಮ್ಮಪ್ಪ ಬೇರೆ ತಂದಾಕವ್ರೆ."

ಮೊದಲೇ ಹೇಳಿದ್ದರೆ ನಾನೇ ತಂದುಕೊಡುತ್ತಿದ್ದೆನಲ್ಲಪ್ಪಾ ಎಂದು ಶಶಿ ಮೆಲ್ಲಗೆ ಅಂದ. ಬಹಳ ದಿನದ ಮೇಲೆ ಅಪ್ಪನ ಹೆಗಲ ಮೇಲೆ ಕೈ ಇಟ್ಟ. ಆಂಜಿನಯ್ಯ ಹೆಂಡತಿಯ ಕಡೆ ನೋಡಿದ. ಅವಳು ತಿರುಗಲಿಲ್ಲ.

ಹೊತ್ತಾಯಿತೆಂದು ಹಿರಿಯರು ಅವಸರ ಮಾಡಿದರು. ಮಾರಕ್ಕ ಕೈ ಬಿಟ್ಟಳು. ನಾಲ್ಕು ಜನ ಎತ್ತಿದರು, ಶಶಿ ಒಂದು ಹೆಗಲು ಕೊಟ್ಟ. ತಮಟೆಯ ಸದ್ದು ಗಲ್ಲಿಯ ತಿರುವಿನಲ್ಲಿ ಮರೆಯಾಯಿತು, ಹೆಂಗಸರು ರಂಜಿನಿಯನ್ನು ಹಿಡಿದುಕೊಂಡು ಒಳಗೆ ಹೋದರು, ಯಾರೋ ನೆಲಕ್ಕೆ ನೀರು ಹಾಕಿ ಗುಡಿಸಿದರು. ಖಾಲಿಯಾದ ಬೀದಿಯಲ್ಲಿ ಮಾರಕ್ಕ ಕುರ್ಚಿಯ ಮೇಲೆ ಕೂತೇ ಇದ್ದಳು. ಅವಳ ಹಿಂದೆ ಆಂಜಿನಯ್ಯ ನಿಂತಿದ್ದ. ತುಳಿಯುವವರು ಯಾರೂ ಉಳಿದಿರಲಿಲ್ಲ, ಆದರೂ ಅವನು ಟ್ಯೂಬನ್ನು ಕೆಳಗಿಡಲಿಲ್ಲ.